ಊರು ದಾಟಿ ಹೋದ ಹೆಸರು: ಚೆಡ್ಡಾರ್‌ನ ಕಮರಿ, ಗವಿ ಮತ್ತು ಚೀಸ್

ಚೆಡ್ಡಾರ್ ಎಂದರೆ ಒಂದು ಬಗೆಯ ಚೀಸ್ ಎಂದು ಬಲ್ಲವರು ಪ್ರಪಂಚದ ತುಂಬ ಇದ್ದಾರೆ. ಅದು ಇಂಗ್ಲೆಂಡಿನ ಒಂದು ಹಳ್ಳಿಯ ಹೆಸರು ಎಂದು ಬಲ್ಲವರು ಕಡಿಮೆ. ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಈ ಹೆಸರಿನ ಚೀಸ್ ಟನ್ನುಗಟ್ಟಲೆ ತಯಾರಾಗುತ್ತದೆ. ನಮ್ಮ ಪೇಟೆಗಳಲ್ಲಿ ಡಬ್ಬಿಯಲ್ಲೋ ತೆಳು ಹಾಳೆಗಳಾಗಿಯೋ ಸಿಗುವ ಸಂಸ್ಕರಿಸಿದ ಚೀಸಿಗೂ ಬಹುಮಟ್ಟಿಗೆ ಚೆಡ್ಡಾರ್ ಜಾತಿಯ ಚೀಸೇ ಮೂಲ. ಆದರೆ ಚೆಡ್ಡಾರ್ ಊರಿನೊಳಗೆ ಇಂದು ಚೆಡ್ಡಾರ್ ಚೀಸ್ ಮಾಡುವುದು ಒಂದೇ ಒಂದು ಡೇರಿ. ಆ ಊರು ತನ್ನ ಹೆಸರನ್ನು ಜಗತ್ತಿಗೆ ಕೊಟ್ಟಿತೋ, ಇಲ್ಲ ಕಳೆದುಕೊಂಡಿತೋ ಎಂಬುದು ಅಲ್ಲಿಗೆ ಹೋದವರ ಮನಸ್ಸಿನಲ್ಲಿ ಸಹಜವಾಗಿ ಏಳುವ ಪ್ರಶ್ನೆ.

ಇಂಗ್ಲೆಂಡಿನ ನೈರುತ್ಯಕ್ಕೆ ಸಾಮರ್‌ಸೆಟ್ ಎಂಬ ಜಿಲ್ಲೆಯಿದೆ. ಬ್ರಿಸ್ಟಲ್ ನಗರದಿಂದ ದಕ್ಷಿಣಕ್ಕೆ ಸುಮಾರು 30 ಕಿ.ಮೀ. ಹೋದರೆ ಮೆಂಡಿಪ್ ಎಂಬ ಸುಣ್ಣಕಲ್ಲಿನ ಗುಡ್ಡಸಾಲು ಸಿಗುತ್ತದೆ. ಗುಡ್ಡದ ಮೇಲೆ ಗಾಳಿ ಬೀಸುವ ಬಯಲು. ತಪ್ಪಲಲ್ಲಿ ತೇವ ತುಂಬಿದ, ಹುಲ್ಲು ಸೊಂಪಾಗಿ ಬೆಳೆಯುವ ತಗ್ಗುಭೂಮಿ. ಇವೆರಡೂ ಸೇರುವ ಅಂಚಿನಲ್ಲಿ ಚೆಡ್ಡಾರ್ ಇದೆ. ಊರಿಗೆ ಮೇಲುಗಡೆಯಿಂದ ಬರುವುದೇ ಚೆನ್ನ. ಬಯಲಿನಿಂದ ಹೊರಟ ರಸ್ತೆ ನಿಧಾನವಾಗಿ ಇಳಿಯತೊಡಗುತ್ತದೆ, ಇಕ್ಕೆಲದ ಬಂಡೆಗಳು ಏರುತ್ತ ಹೋಗುತ್ತವೆ, ತಿರುವಿನ ಮೇಲೆ ತಿರುವು ಬಂದು ಕೊನೆಗೆ ತಲೆಯೆತ್ತಿ ನೋಡಿದರೂ ಆಕಾಶದ ಒಂದು ಪಟ್ಟಿ ಮಾತ್ರ ಕಾಣುವ ಸ್ಥಿತಿ. ಕಮರಿಯ ಆಳ ಹೆಚ್ಚೆಂದರೆ 137 ಮೀಟರ್, ಉದ್ದ ಐದು ಕಿ.ಮೀ. ಆಸುಪಾಸು. ಹಿಮಾಲಯವನ್ನೋ ಪಶ್ಚಿಮ ಘಟ್ಟವನ್ನೋ ಕಂಡವರಿಗೆ ಈ ಅಂಕಿಗಳು ಸಣ್ಣವೆನಿಸಬಹುದು. ಆದರೆ ನುಣ್ಣನೆಯ ಹಸಿರು ದಿಬ್ಬಗಳ ಆ ದೇಶದಲ್ಲಿ ಇದ್ದಕ್ಕಿದ್ದಂತೆ ನೆಲ ಬಾಯಿಬಿಟ್ಟಂತೆ ಕಾಣುವ ಈ ಜಾಗ ಇಂಗ್ಲಿಷರ ಪಾಲಿಗೆ ಬಹು ಹಿಂದಿನಿಂದಲೂ ಒಂದು ಅದ್ಭುತ.

ದೊಡ್ಡದೊಂದು ಗವಿಯ ಚಾವಣಿ ಕುಸಿದು ಈ ಕಮರಿ ಆಯಿತೆಂದು ಮೊದಲು ಜನ ತಿಳಿದಿದ್ದರು. ಹಾಗಲ್ಲ. ಮೆಂಡಿಪ್‌ನ ಸುಣ್ಣಕಲ್ಲು ಮೂವತ್ತು ಕೋಟಿ ವರ್ಷಗಳಿಗೂ ಹಿಂದೆ ಬೆಚ್ಚನೆಯ ಸಮುದ್ರದ ತಳದಲ್ಲಿ ಚಿಪ್ಪುಜೀವಿಗಳ ಅವಶೇಷಗಳಿಂದ ರೂಪುಗೊಂಡದ್ದು. ಇಂಥ ಕಲ್ಲಿನ ಮೇಲೆ ಮಳೆನೀರು ನಿಲ್ಲುವುದಿಲ್ಲ, ಬಿರುಕುಗಳ ಮೂಲಕ ಒಳಗಿಳಿದುಬಿಡುತ್ತದೆ. ಹಿಮಯುಗದ ನೀರ್ಗಲ್ಲ ಹಾಳೆ ಇಷ್ಟು ದಕ್ಷಿಣಕ್ಕೆ ಬರಲಿಲ್ಲವಾದರೂ ಇಲ್ಲಿನ ನೆಲ ಮಾತ್ರ ಹೆಪ್ಪುಗಟ್ಟಿತ್ತು. ಬಿರುಕುಗಳೆಲ್ಲ ಮಂಜಿನಿಂದ ಮುಚ್ಚಿಹೋಗಿ, ಬೇಸಿಗೆಯಲ್ಲಿ ಕರಗಿದ ನೀರು ಒಳಗಿಳಿಯಲು ದಾರಿಯಿಲ್ಲದೆ ನೆಲದ ಮೇಲೆಯೇ ಭೋರ್ಗರೆದು ಹರಿದು ಕಲ್ಲನ್ನು ಕೊರೆಯಿತು. ಹವೆ ಬೆಚ್ಚಗಾದಾಗ ನೀರು ಮತ್ತೆ ತನ್ನ ಪಾತಾಳದ ದಾರಿ ಹಿಡಿಯಿತು; ಕಮರಿ ಒಣಗಿ ಉಳಿಯಿತು. ಇಂದು ಕಮರಿಯ ತಳದಲ್ಲಿ ನದಿಯಿಲ್ಲ, ರಸ್ತೆಯಿದೆ. ನದಿ ಇರುವುದು ನೆಲದೊಳಗೆ. ಚೆಡ್ಡಾರ್ ಯೋ ಎಂಬ ಆ ಹೊಳೆ ಬ್ರಿಟನ್ನಿನ ಅತಿ ದೊಡ್ಡ ಭೂಗತ ನದಿಯೆಂದು ಹೆಸರಾಗಿದೆ. ಊರಿನ ಬಳಿ ಬಂಡೆಯ ಬುಡದಿಂದ ತಣ್ಣಗೆ ಹೊರಬರುತ್ತದೆ. ಹಳೆಯ ದಾರಿಯನ್ನು ನೀರು ಪೂರ್ತಿ ಮರೆತಿಲ್ಲವೆಂಬುದು 1968ರ ಜುಲೈ 10ರಂದು ಗೊತ್ತಾಯಿತು. ಅಂದಿನ ಭಾರಿ ಮಳೆಗೆ ಕಮರಿಯಲ್ಲಿ ಪ್ರವಾಹ ಉಕ್ಕಿ ದೊಡ್ಡ ದೊಡ್ಡ ಬಂಡೆಗಳನ್ನು ಊರಿನತ್ತ ಉರುಳಿಸಿಕೊಂಡು ಬಂತು.

ಊರಿನ ಹೆಸರೇ ಈ ಭೂರೂಪದಿಂದ ಬಂದಿರಬೇಕು. ಚೀಲ, ಕುಳಿ ಎಂಬ ಅರ್ಥದ ಹಳೆಯ ಇಂಗ್ಲಿಷ್ ಪದವೊಂದನ್ನು ಭಾಷಾಶಾಸ್ತ್ರಜ್ಞರು ಇದಕ್ಕೆ ಮೂಲವೆನ್ನುತ್ತಾರೆ. ಒಂಬತ್ತನೆಯ ಶತಮಾನದ ಆಲ್‌ಫ್ರೆಡ್ ದೊರೆಯ ಮರಣಶಾಸನದಲ್ಲಿ ಈ ಊರಿನ ಉಲ್ಲೇಖವಿದೆ. ಹತ್ತನೆಯ ಶತಮಾನದಲ್ಲಿ ಇಲ್ಲಿ ಮೂರು ಬಾರಿ ರಾಜಸಭೆ ನಡೆದಿತ್ತು. ಇಲ್ಲಿದ್ದ ಮರದ ಅರಮನೆಯ ಕುರುಹುಗಳನ್ನು 1960ರಿಂದ 62ರವರೆಗೆ ಫಿಲಿಪ್ ರಾಟ್ಸ್ ಎಂಬ ಪುರಾತತ್ವಜ್ಞರು ಅಗೆದು ತೆಗೆದರು. ಆ ಜಾಗ ಈಗ ಶಾಲೆಯ ಆವರಣ. ರಾಜರು ಈ ಹಳ್ಳಿಗೆ ಬರುತ್ತಿದ್ದುದಕ್ಕೆ ಮುಖ್ಯ ಕಾರಣ ಬೇಟೆ. ಎಡ್ಮಂಡ್ ದೊರೆಯ ಕತೆಯೊಂದು ಇದೆ. ಡನ್‌ಸ್ಟನ್ ಎಂಬ ಸಂನ್ಯಾಸಿಯನ್ನು ಚಾಡಿಮಾತು ಕೇಳಿ ಆಸ್ಥಾನದಿಂದ ಹೊರಹಾಕಿದ ಎಡ್ಮಂಡ್ ಮರುದಿನ ಜಿಂಕೆಯ ಬೆನ್ನುಹತ್ತಿ ಕುದುರೆ ಓಡಿಸಿದ. ಜಿಂಕೆ ಕಮರಿಗೆ ಬಿತ್ತು, ಬೇಟೆನಾಯಿಗಳೂ ಬಿದ್ದವು. ಕುದುರೆ ನಿಲ್ಲಲೊಲ್ಲದು. ಬದುಕಿ ಉಳಿದರೆ ಡನ್‌ಸ್ಟನ್‌ಗೆ ಮಾಡಿದ ಅನ್ಯಾಯ ಸರಿಪಡಿಸುತ್ತೇನೆಂದು ರಾಜ ಮನಸ್ಸಿನಲ್ಲಿ ಹರಕೆ ಹೊತ್ತ. ಅಂಚಿನಲ್ಲಿ ಕುದುರೆ ನಿಂತಿತು. ಸಂತರ ಚರಿತ್ರೆಗಳಲ್ಲಿ ಬರುವ ಪವಾಡದ ಕತೆ ಇದು, ಅಕ್ಷರಶಃ ನಂಬಬೇಕಾಗಿಲ್ಲ. ಆದರೆ ಡನ್‌ಸ್ಟನ್ ಹತ್ತಿರದ ಗ್ಲಾಸ್ಟನ್‌ಬರಿ ಮಠಕ್ಕೆ ಮುಖ್ಯಸ್ಥನಾದದ್ದು ಚರಿತ್ರೆ. 12ನೆಯ ಶತಮಾನದಲ್ಲಿ ಹೆನ್ರಿ ಆಫ್ ಹಂಟಿಂಗ್ಡನ್ ಎಂಬ ಇತಿಹಾಸಕಾರ ಇಂಗ್ಲೆಂಡಿನ ನಾಲ್ಕು ಅದ್ಭುತಗಳನ್ನು ಪಟ್ಟಿಮಾಡಿದಾಗ ಸ್ಟೋನ್‌ಹೆಂಜ್ ಜೊತೆಗೆ ಚೆಡ್ಡಾರ್‌ನ ಗವಿಯನ್ನೂ ಸೇರಿಸಿದ್ದ.

ಇನ್ನು ಚೀಸಿನ ವಿಷಯ. ನಮ್ಮ ನಿಘಂಟುಗಳು, ಹಳೆಯ ಪಠ್ಯಪುಸ್ತಕಗಳು ಚೀಸನ್ನು ‘ಗಿಣ್ಣು’ ಎಂದು ಅನುವಾದಿಸಿ ಗೊಂದಲ ಮಾಡಿವೆ. ನಮಗೆ ಗಿಣ್ಣೆಂದರೆ ಹೊಸದಾಗಿ ಈದ ಹಸುವಿನ ಹಾಲಿನದು, ಬೆಲ್ಲ ಏಲಕ್ಕಿಯದು. ತಿಂಗಳುಗಟ್ಟಲೆ ಹಣ್ಣು ಮಾಡಿ ತಿನ್ನುವ ಪದಾರ್ಥ ಅದಲ್ಲ. ಹೀಗಾಗಿ ಚೀಸನ್ನು ಚೀಸೆಂದೇ ಕರೆಯುವುದು ಲೇಸು. ಹಾಲು ಕೆಡುವ ವಸ್ತು. ತಗ್ಗುಭೂಮಿಯ ಹುಲ್ಲು ಮೇಯ್ದ ಹಸುಗಳು ಬೇಸಿಗೆಯಲ್ಲಿ ಧಾರಾಳವಾಗಿ ಹಾಲು ಕರೆಯುತ್ತಿದ್ದವು. ಅದನ್ನು ಕೊಳ್ಳುವ ಪಟ್ಟಣ ದೂರ, ರಸ್ತೆ ಕೆಸರು. ಹತ್ತು ಲೀಟರ್ ಹಾಲಿನ ಸತ್ವವನ್ನು ಸುಮಾರು ಒಂದು ಕಿಲೋ ಗಟ್ಟಿಗೆ ಇಳಿಸಿ, ಚಳಿಗಾಲಕ್ಕೂ ದೂರದ ಸಂತೆಗೂ ಆಗುವಂತೆ ಮಾಡುವ ಉಪಾಯವೇ ಚೀಸ್. ಹಾಲುಮಾರುವ ಹುಡುಗಿಯೊಬ್ಬಳು ಹಾಲಿನ ಪಾತ್ರೆಯನ್ನು ಗವಿಯಲ್ಲಿಟ್ಟು ಮರೆತಳು, ಮರಳಿ ಬಂದಾಗ ಅದು ರುಚಿಯಾದ ಚೀಸಾಗಿತ್ತು ಎಂಬ ದಂತಕತೆಯನ್ನು ಊರಿನವರು ಪ್ರವಾಸಿಗಳಿಗೆ ಹೇಳುತ್ತಾರೆ. ಹಾಲನ್ನು ಮರೆತರೆ ಆಗುವುದು ಕೊಳೆತ ಮೊಸರು. ಚೀಸ್ ಮಾಡಲು ಮರೆವಿಗಿಂತ ನೆನಪು ಹೆಚ್ಚು ಬೇಕು.

ದಾಖಲೆಗಳು ಕತೆಗಿಂತ ಗಟ್ಟಿ. 1170ರಲ್ಲಿ ಎರಡನೆಯ ಹೆನ್ರಿ ದೊರೆಯ ಖಜಾನೆ ಲೆಕ್ಕದಲ್ಲಿ 10,240 ಪೌಂಡು, ಅಂದರೆ ಸುಮಾರು 4,600 ಕೆ.ಜಿ. ಚೆಡ್ಡಾರ್ ಚೀಸನ್ನು ಪೌಂಡಿಗೆ ಕಾಲು ಪೆನ್ನಿಯಂತೆ ಕೊಂಡ ವಿವರ ಇದೆಯೆಂದು ಚೀಸಿನ ಇತಿಹಾಸ ಬರೆದವರೆಲ್ಲ ಉಲ್ಲೇಖಿಸುತ್ತಾರೆ. 16ನೆಯ ಶತಮಾನದ ಕೊನೆಗೆ ದೇಶದ ಭೂವಿವರಣೆ ಬರೆದ ವಿಲಿಯಂ ಕ್ಯಾಮ್ಡೆನ್, ಇಲ್ಲಿನ ಚೀಸ್ ಎಷ್ಟು ದೊಡ್ಡದೆಂದರೆ ಮೇಜಿನ ಮೇಲಿಡಲು ಒಬ್ಬ ಆಳಿನ ಶಕ್ತಿ ಸಾಲದೆಂದು ಹೇಳಿದ.

ಅಷ್ಟು ದೊಡ್ಡ ಚೀಸು ಏಕೆ? ಇದಕ್ಕೆ ಉತ್ತರ ಕೊಟ್ಟವನು ‘ರಾಬಿನ್‌ಸನ್ ಕ್ರೂಸೋ’ ಬರೆದ ಡೇನಿಯಲ್ ಡಿಫೋ. 1724ರಿಂದ 26ರ ನಡುವೆ ಪ್ರಕಟವಾದ ತನ್ನ ಬ್ರಿಟನ್ ಪ್ರವಾಸದ ಗ್ರಂಥದಲ್ಲಿ ಅವನು ಈ ಊರಿನ ಏರ್ಪಾಡನ್ನು ವಿವರವಾಗಿ ಬರೆದಿದ್ದಾನೆ. ಊರಿಗೆ ಸೇರಿದ ದೊಡ್ಡ ಗೋಮಾಳವೊಂದಿತ್ತು. ಊರವರೆಲ್ಲ ದನ ಸಾಕುವವರು. ದಿನವೂ ಎಲ್ಲರ ಮನೆಯ ಹಾಲು ಒಂದು ಸಾಮೂಹಿಕ ಕೋಣೆಗೆ ಬರುತ್ತಿತ್ತು. ಊರು ನಂಬಿದ ವ್ಯಕ್ತಿಗಳು ಒಬ್ಬೊಬ್ಬರ ಹಾಲನ್ನೂ ಅಳೆದು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಬಳಿಕ ಎಲ್ಲ ಹಾಲನ್ನು ಒಟ್ಟಿಗೆ ಸುರಿದು, ಒಂದು ಹೊತ್ತಿನ ಹಾಲಿಗೆ ಒಂದೇ ಚೀಸ್ ಮಾಡುತ್ತಿದ್ದರು. ಹಸುಗಳು ಹೆಚ್ಚು ಕರೆದ ದಿನ ಚೀಸ್ ದೊಡ್ಡದು, ಕಡಿಮೆ ಕರೆದ ದಿನ ಚಿಕ್ಕದು. ಒಬ್ಬನ ಲೆಕ್ಕದಲ್ಲಿ ಒಂದು ಇಡೀ ಚೀಸಿಗೆ ಸಾಕಾಗುವಷ್ಟು ಹಾಲು ಜಮೆಯಾದಾಗ ಅವನಿಗೆ ಒಂದು ಚೀಸ್. ಮಿಕ್ಕಿದ್ದು ಮುಂದಿನ ಚೀಸಿಗೆ ಜಮೆ. ನಮ್ಮ ಹಳ್ಳಿಗಳಲ್ಲಿ ಬೆಳಗ್ಗೆ ಸಂಜೆ ಡೇರಿಯ ಮುಂದೆ ನಿಂತು ಹಾಲು ಅಳೆಸಿ ಪುಸ್ತಕದಲ್ಲಿ ಬರೆಸುವವರಿಗೆ ಇದು ತೀರ ಪರಿಚಿತ ಚಿತ್ರ. ಒಂದೇ ಹಸುವಿದ್ದ ಬಡವ ಹೆಚ್ಚು ದಿನ ಕಾಯಬೇಕಾಗುತ್ತಿತ್ತು, ನಿಜ. ಆದರೆ ಅವನಿಗೆ ಸಿಗುತ್ತಿದ್ದುದು ಸಿರಿವಂತನಿಗೆ ಸಿಗುವ ಅದೇ ಚೀಸ್, ಅದೇ ಗುಣ. ಡಿಫೋ ಮೆಚ್ಚಿದ್ದು ಇದನ್ನೇ. ಚೆಷೈರ್ ಚೀಸ್ ಪೌಂಡಿಗೆ ಎರಡು, ಎರಡೂವರೆ ಪೆನ್ನಿಗೆ ಮಾರುತ್ತಿದ್ದಾಗ ಚೆಡ್ಡಾರಿನದಕ್ಕೆ ಆರರಿಂದ ಎಂಟು ಪೆನ್ನಿ ಬೆಲೆಯಿತ್ತೆಂದೂ ಅವನು ಬರೆದಿದ್ದಾನೆ. ಮೂರು ಪಾಲು ಬೆಲೆ ಕೊಡುವಂತೆ ಮಾಡಿದ್ದು ಹುಲ್ಲೂ ಹೌದು, ಆ ಪುಸ್ತಕವೂ ಹೌದು. ಯಾರೊಬ್ಬನೂ ನೀರು ಬೆರೆಸಿದರೆ ಇಡೀ ಊರಿನ ಚೀಸೇ ಕೆಡುತ್ತಿತ್ತಲ್ಲ!

ಡಿಫೋ ಬಂದುಹೋದ ಸುಮಾರು 65 ವರ್ಷಗಳ ಮೇಲೆ ಮತ್ತೊಬ್ಬ ಪ್ರವಾಸಿ ಬಂದ. 1789ರ ಆಗಸ್ಟ್. ಗುಲಾಮರ ವ್ಯಾಪಾರದ ವಿರುದ್ಧ ಪಾರ್ಲಿಮೆಂಟಿನಲ್ಲಿ ಹೋರಾಡುತ್ತಿದ್ದ ವಿಲಿಯಂ ವಿಲ್ಬರ್‌ಫೋರ್ಸ್ ಹತ್ತಿರದ ಊರಿನಲ್ಲಿದ್ದ ಲೇಖಕಿ ಹ್ಯಾನಾ ಮೋರ್ ಮನೆಗೆ ಅತಿಥಿಯಾಗಿ ಬಂದಿದ್ದ. ಚೆಡ್ಡಾರಿನ ಬಂಡೆಗಳನ್ನು ನೋಡದೆ ಹೋಗಬಾರದೆಂದು ಮನೆಯವರು ಒತ್ತಾಯ ಮಾಡಿ ಬುತ್ತಿ ಕಟ್ಟಿ ಕಳಿಸಿದರು. ಸಂಜೆ ಮರಳಿದವನು ಬುತ್ತಿಯನ್ನು ಮುಟ್ಟಿರಲಿಲ್ಲ. ಬಂಡೆಗಳು ಚೆನ್ನಾಗಿವೆ, ಜನರ ಸ್ಥಿತಿ ಮಾತ್ರ ನೋಡಲಾಗದು ಎಂಬರ್ಥದ ಮಾತನಾಡಿ ಕೋಣೆ ಸೇರಿದ. ಚೆಡ್ಡಾರಿಗಾಗಿ ಏನಾದರೂ ಮಾಡಲೇಬೇಕು, ಶ್ರಮ ನಿಮ್ಮದು, ಖರ್ಚು ನನ್ನದು ಎಂದು ಆ ರಾತ್ರಿಯೇ ಹ್ಯಾನಾ ಮತ್ತು ಅವಳ ತಂಗಿಯ ಜೊತೆ ಒಪ್ಪಂದವಾಯಿತು.

ಅಕ್ಕತಂಗಿಯರು ಊರಿಗೆ ಬಂದು ಕಂಡದ್ದೇನು? ಎರಡು ಸಾವಿರಕ್ಕೂ ಹೆಚ್ಚು ಜನ, ಬಹುತೇಕ ಎಲ್ಲರೂ ಕಡುಬಡವರು. ಹತ್ತು ಹನ್ನೆರಡು ಮಂದಿ ಸಿರಿವಂತ ರೈತರು. ಪಾದ್ರಿ ಊರಿನಲ್ಲಿ ವಾಸವೇ ಇಲ್ಲ, ದೂರದ ಆಕ್ಸ್‌ಫರ್ಡಿನಲ್ಲಿ. ಇಡೀ ಊರಿನಲ್ಲಿ ಕಣ್ಣಿಗೆ ಬಿದ್ದ ಒಂದೇ ಬೈಬಲ್ಲನ್ನು ಹೂಕುಂಡಕ್ಕೆ ಆಸರೆಯಾಗಿ ಇಟ್ಟಿದ್ದರೆಂದು ಹ್ಯಾನಾ ಬರೆದಳು. ಶಾಲೆಗೆ ಜಾಗ ಕೇಳಲು ಹೋದಾಗ ಒಬ್ಬ ದೊಡ್ಡ ರೈತ, ಧರ್ಮಬೋಧೆ ಬಡವರನ್ನು ಸೋಮಾರಿಗಳನ್ನಾಗಿ ಮಾಡುತ್ತದೆ, ಗ್ಲಾಸ್ಟನ್‌ಬರಿಯ ಸಂನ್ಯಾಸಿಗಳು ಅದನ್ನು ತಂದಂದಿನಿಂದ ಬರೀ ಕೇಡೇ ಆಗಿದೆ ಎಂದನಂತೆ! ಆದರೂ ಆ ವರ್ಷವೇ ಶಾಲೆ ತೆರೆಯಿತು. ಹೆಣ್ಣುಮಕ್ಕಳಿಗೆ ನೂಲುವುದು ಹೊಲಿಯುವುದನ್ನೂ, ಎಲ್ಲರಿಗೂ ಓದುವುದನ್ನೂ ಕಲಿಸಿದರು. ಬರೆಯುವುದನ್ನು ಮಾತ್ರ ಕಲಿಸಲಿಲ್ಲ. ಬಡವರಿಗೆ ಬರಹ ಬೇಡವೆಂಬುದು ಹ್ಯಾನಾಳ ಖಚಿತ ನಿಲುವಾಗಿತ್ತು. ಓದಿ ವಿಧೇಯರಾಗಲಿ, ಬರೆದು ಪ್ರಶ್ನೆ ಕೇಳುವುದು ಬೇಡ. ಈ ಉಪಕಾರಕ್ಕೆ ಇಂಥ ಒಂದು ಬೇಲಿ ಇತ್ತೆಂಬುದನ್ನು ಮರೆಯಬಾರದು.

ಡಿಫೋ ಕಂಡ ನೆಮ್ಮದಿಯ ಊರು ಎಲ್ಲಿಗೆ ಹೋಯಿತು? ಅವನು ತನ್ನ ಬರಹಕ್ಕೆ ಸ್ವಲ್ಪ ಬಣ್ಣ ಹಚ್ಚಿದ್ದಿರಬಹುದು. ಸುಧಾರಕರು ಕತ್ತಲೆಯನ್ನೇ ಹೆಚ್ಚಾಗಿ ಕಂಡಿದ್ದಿರಬಹುದು. ಆದರೆ 18ನೆಯ ಶತಮಾನದ ಕೊನೆಯ ದಶಕಗಳಲ್ಲಿ ಮೆಂಡಿಪ್ ಸೀಮೆಯ ಗೋಮಾಳಗಳಿಗೆ ಒಂದೊಂದಾಗಿ ಬೇಲಿ ಬೀಳುತ್ತ ಬಂತು. ಊರಿಗೆಲ್ಲ ಸೇರಿದ್ದ ಹುಲ್ಲು ಕಾಗದಪತ್ರ ಉಳ್ಳವರ ಸ್ವತ್ತಾಯಿತು. ಮೇಯಲು ಜಾಗವಿಲ್ಲದವನು ಒಂದು ಹಸುವನ್ನೂ ಸಾಕಲಾರ. ಒಂದು ಹಸುವಿಲ್ಲದವನ ಹೆಸರು ಹಾಲಿನ ಪುಸ್ತಕದಲ್ಲಿ ಉಳಿಯಲಾರದು. ಚೆಡ್ಡಾರ್ ಚೀಸ್ ಊರಿನ ಒಟ್ಟು ಆಸ್ತಿಯಾಗಿದ್ದ ಕಾಲ ಹೀಗೆ ಮುಗಿಯಿತು. ಹೆಸರು ವಿದೇಶಕ್ಕೆ ಹೋಗುವ ಎಷ್ಟೋ ಮೊದಲೇ ಅದು ಊರಿನ ಬಡವರ ಕೈಬಿಟ್ಟಿತ್ತು.

ಚೀಸ್ ಕೈಬಿಟ್ಟಾಗ ಕೈಹಿಡಿದದ್ದು ಕಲ್ಲು. ಬಂಡೆ ನೋಡಲು ಬರುವ ಸಿರಿವಂತರಿಗೆ ದಾರಿ ತೋರಿಸುವುದು, ಬೆಣಚುಕಲ್ಲು, ಗವಿಯ ಸುಣ್ಣದ ತೊಂಗಲು ಮಾರುವುದು ಊರಿನ ಬಡ ಹೆಂಗಸರಿಗೂ ಮಕ್ಕಳಿಗೂ ಒಂದು ಕಸುಬಾಯಿತು. 1837ರಲ್ಲಿ ಜಾರ್ಜ್ ಕಾಕ್ಸ್ ಎಂಬ ಗಿರಣಿಯವನು ಕಲ್ಲು ಒಡೆಸುತ್ತಿದ್ದಾಗ ಗವಿಯೊಂದು ತೆರೆದುಕೊಂಡಿತು. ಸುಣ್ಣದ ನೀರು ಹನಿಹನಿಯಾಗಿ ಕಟ್ಟಿದ ತೊಂಗಲುಗಳು, ಕಂಬಗಳು, ಪರದೆಗಳು ಕಂಡವು. ಕಾಕ್ಸ್ ಮರುವರ್ಷವೇ ಟಿಕೆಟ್ಟಿಟ್ಟ. 1869ರಲ್ಲಿ ರೈಲು ಬಂತು. ಬ್ರಿಸ್ಟಲ್ಲಿನ ಕೂಲಿಕಾರ ಕುಟುಂಬವೂ ರಜೆಯ ದಿನ ಬಂದುಹೋಗಬಹುದಾಯಿತು. ರಿಚರ್ಡ್ ಗಾಫ್ ಎಂಬಾತ 1890ರ ದಶಕದಲ್ಲಿ ಇನ್ನೂ ದೊಡ್ಡದೊಂದು ಗವಿಯನ್ನು ವರ್ಷಗಟ್ಟಲೆ ಅಗೆದು ಬಿಡಿಸಿದ. 1899ರಲ್ಲಿ ಅದಕ್ಕೆ ವಿದ್ಯುದ್ದೀಪ ಹಾಕಿಸಿದ. ಎರಡು ಗವಿಗಳ ನಡುವೆ ಜಾಹೀರಾತಿನ ಜಗಳ ಜೋರಾಗಿಯೇ ನಡೆಯಿತು. ಮತ್ತೊಬ್ಬ, ರೋಲೆಂಡ್ ಪೇವಿ, ತನಗೆ ತಕ್ಕ ಗವಿ ಸಿಗದೆ ಗುಡ್ಡಕ್ಕೇ ಮೆಟ್ಟಿಲು ಹಾಕಿಸಿದ. ಆ 274 ಮೆಟ್ಟಿಲುಗಳಿಗೆ ಬೈಬಲ್ಲಿನ ಕತೆಯಿಂದ ‘ಜೇಕಬ್ಬನ ಏಣಿ’ ಎಂಬ ಹೆಸರು. ಜನರನ್ನು ತಂದ ಅದೇ ರೈಲು ಊರಿನ ಸ್ಟ್ರಾಬೆರಿ ಹಣ್ಣನ್ನು ಬಾಡುವ ಮೊದಲೇ ಪಟ್ಟಣಗಳಿಗೆ ಮುಟ್ಟಿಸುತ್ತಿತ್ತು. ಜನ ಅದನ್ನು ಸ್ಟ್ರಾಬೆರಿ ಲೈನ್ ಎಂದೇ ಕರೆದರು. 1963ರಲ್ಲಿ ಪ್ರಯಾಣಿಕರ ಸಂಚಾರ ನಿಂತಿತು. 1916ರಲ್ಲಿ ಹೊಸದಾಗಿ ಮದುವೆಯಾದ ಜೆ.ಆರ್.ಆರ್. ಟೋಲ್ಕಿನ್ ಹೆಂಡತಿಯೊಂದಿಗೆ ಈ ಗವಿಗಳನ್ನು ನೋಡಿದ್ದ. ‘ದ ಲಾರ್ಡ್ ಆಫ್ ದ ರಿಂಗ್ಸ್’ನಲ್ಲಿ ಬರುವ ಹೊಳೆಯುವ ಗವಿಗಳಿಗೆ ಇದೇ ಪ್ರೇರಣೆ.

ಗಾಫ್ ಗವಿಯಿಂದ ಹೊರಬಂದ ಅತಿ ದೊಡ್ಡ ಸುದ್ದಿ ಸುಣ್ಣದ ಕಂಬವಲ್ಲ, ಮನುಷ್ಯ. 1903ರಲ್ಲಿ ಗವಿಯ ಬಾಯಿಯ ಹತ್ತಿರ ನೀರು ಹೋಗಲು ಕಾಲುವೆ ತೋಡುತ್ತಿದ್ದಾಗ ಹೆಚ್ಚುಕಡಿಮೆ ಪೂರ್ಣವಾದ ಅಸ್ಥಿಪಂಜರ ಸಿಕ್ಕಿತು. ಇಪ್ಪತ್ತರ ಹರೆಯದ, ಸುಮಾರು 166 ಸೆಂ.ಮೀ. ಎತ್ತರದ ಗಂಡಸು. ಬದುಕಿದ್ದುದು ಇಂದಿಗೆ ಹತ್ತು ಸಾವಿರ ವರ್ಷಗಳ ಹಿಂದೆ, ಬ್ರಿಟನ್ ಇನ್ನೂ ಯುರೋಪಿನ ನೆಲಕ್ಕೆ ಅಂಟಿಕೊಂಡಿದ್ದ ಕಾಲದಲ್ಲಿ. ಬ್ರಿಟನ್ನಿನಲ್ಲಿ ಸಿಕ್ಕ ಇಷ್ಟು ಪೂರ್ಣವಾದ ಅಸ್ಥಿಪಂಜರಗಳಲ್ಲಿ ಇದೇ ಅತ್ಯಂತ ಹಳೆಯದು. ಇದಕ್ಕೆ ‘ಚೆಡ್ಡಾರ್ ಮನುಷ್ಯ’ ಎಂದು ಹೆಸರಾಯಿತು. ಗವಿಯಲ್ಲಿ ಇವನಿಗಿಂತ ಹಿಂದಿನವರ ಗುರುತುಗಳೂ ಇವೆ. 14,700 ವರ್ಷಗಳ ಹಿಂದಿನ ಮೂಳೆಗಳ ಮೇಲೆ ಕಲ್ಲಿನ ಚೂರಿಯ ಗೀರು, ಮನುಷ್ಯರ ಹಲ್ಲಿನ ಗುರುತು. ಸತ್ತವರ ಮಾಂಸ ತಿಂದು, ತಲೆಬುರುಡೆಯನ್ನು ಬಟ್ಟಲಿನಂತೆ ಕೊರೆದು ಇಟ್ಟಿದ್ದರೆಂದು 2011ರಲ್ಲಿ ಲಂಡನ್ನಿನ ನಿಸರ್ಗ ಚರಿತ್ರೆಯ ವಸ್ತುಸಂಗ್ರಹಾಲಯದ ವಿಜ್ಞಾನಿಗಳು ಪ್ರಕಟಿಸಿದರು. ಅಂಥ ಮೂರು ಬುರುಡೆಗಳಲ್ಲಿ ಒಂದು ಎಳೆಯ ಮಗುವಿನದು. ಹಸಿವೆಗಾಗಿ ತಿಂದರೋ, ಅದು ಅವರ ಅಪರಕರ್ಮವೋ? 2017ರಲ್ಲಿ ವಿವರಿಸಿದ ಒಂದು ಮುಂಗೈ ಮೂಳೆಯ ಮೇಲೆ ಬೇಕೆಂದೇ ಕೊರೆದ ಅಂಕುಡೊಂಕು ಗೆರೆಗಳಿವೆ. ಹಸಿದವನು ಮೂಳೆಗೆ ಚಿತ್ತಾರ ಬಿಡಿಸುತ್ತ ಕೂರುವುದಿಲ್ಲ ಎಂಬುದು ಎರಡನೆಯ ವಾದದವರ ಬಲ.

1997ರಲ್ಲಿ ಆಕ್ಸ್‌ಫರ್ಡಿನ ಬ್ರಯನ್ ಸೈಕ್ಸ್ ಚೆಡ್ಡಾರ್ ಮನುಷ್ಯನ ಹಲ್ಲಿನಿಂದ ತಾಯಿಯ ಕಡೆಯಿಂದ ಬರುವ ಡಿಎನ್‌ಎ ತೆಗೆದು ಊರಿನ ಇಪ್ಪತ್ತು ಮಂದಿಯದರೊಡನೆ ಹೋಲಿಸಿದರು. ಊರಿನ ಇತಿಹಾಸದ ಮೇಷ್ಟರೊಬ್ಬರದು ಹೊಂದಿಕೆಯಾಯಿತು! ಪತ್ರಿಕೆಗಳು ಕುಣಿದಾಡಿದವು. ಒಂಬತ್ತು ಸಾವಿರ ವರ್ಷ ಒಂದೇ ಊರಿನಲ್ಲಿ ಉಳಿದ ಮನೆತನ ಎಂದು ದೇಶವೆಲ್ಲ ಹಿಗ್ಗಿತು. ವಾಸ್ತವದಲ್ಲಿ ಆ ಗುಂಪಿನ ಡಿಎನ್‌ಎ ಯುರೋಪಿನಲ್ಲಿ ಹತ್ತರಲ್ಲಿ ಒಬ್ಬರಿಗೆ ಇದೆ. ಬಹಳ ಹಿಂದೆ ಎಲ್ಲೋ ಇದ್ದ ಒಬ್ಬ ತಾಯಿಯ ಕಡೆಗೆ ಅದು ಬೆರಳು ಮಾಡುತ್ತದೆಯೇ ಹೊರತು ಚೆಡ್ಡಾರ್ ಮನುಷ್ಯನೇ ಮೇಷ್ಟರ ಮುತ್ತಜ್ಜ ಎಂದು ಹೇಳುವುದಿಲ್ಲ.

ಹಿಗ್ಗಿದವರಿಗೆ 2018ರಲ್ಲಿ ಮತ್ತೊಂದು ಸುದ್ದಿ ಕಾದಿತ್ತು. ಈ ಬಾರಿ ವಿಜ್ಞಾನಿಗಳು ಅವನ ಇಡೀ ಡಿಎನ್‌ಎ ಓದಿ, ಚರ್ಮ ಕಡುಗಪ್ಪು ಅಥವಾ ಕಪ್ಪುಗಂದು, ಕೂದಲು ಕಪ್ಪು ಗುಂಗುರು, ಕಣ್ಣು ನೀಲಿ ಅಥವಾ ಹಸಿರು ಇದ್ದಿರಬೇಕೆಂದರು. ಇವು ಸಂಭವನೀಯತೆಯ ಲೆಕ್ಕಗಳು, ಫೋಟೋ ಅಲ್ಲ. ಬಣ್ಣದ ವಿಷಯದಲ್ಲಿ ಅಷ್ಟು ಖಚಿತವಾಗಿ ಹೇಳಲಾಗದು ಎಂಬ ಮಾತೂ ವಿಜ್ಞಾನಿಗಳಿಂದಲೇ ಬಂತು. ಆದರೂ ಮೊದಲ ಬ್ರಿಟಿಷನ ಬಣ್ಣ ಹೀಗಿತ್ತೆಂದಾಗ ಕೆಲವರಿಗೆ ಸಿಟ್ಟು ಬಂದದ್ದು ಕುತೂಹಲದ ಸಂಗತಿ. ಹತ್ತು ಸಾವಿರ ವರ್ಷ ಹಿಂದಿನವನು ನಮ್ಮವನೆಂದು ಹೇಳಿಕೊಳ್ಳುವಾಗ ಇಲ್ಲದ ಅನುಮಾನ ಬಣ್ಣ ಕೇಳಿದ ಕೂಡಲೆ ಹುಟ್ಟಿತು. ಇಂದಿನ ಬ್ರಿಟಿಷರ ವಂಶವಾಹಿಯಲ್ಲಿ ಆ ಬೇಟೆಗಾರ ಜನದ ಪಾಲು ಸುಮಾರು ನೂರಕ್ಕೆ ಹತ್ತು. ಮಿಕ್ಕವರೆಲ್ಲ ಆಮೇಲೆ ಬಂದವರು. ಸುಮಾರು ಆರು ಸಾವಿರ ವರ್ಷಗಳ ಹಿಂದೆ ದನ, ಕಾಳುಗಳೊಂದಿಗೆ ಬಂದ ರೈತರು ಅವರಲ್ಲಿ ಮೊದಲಿಗರು. ಅದೇ ಪರೀಕ್ಷೆಯಲ್ಲಿ ಇನ್ನೊಂದು ಸಣ್ಣ ಅಂಶ ಗೊತ್ತಾಯಿತು: ಚೆಡ್ಡಾರ್ ಮನುಷ್ಯನಿಗೆ ದೊಡ್ಡವನಾದ ಮೇಲೆ ಹಾಲು ಅರಗುತ್ತಿರಲಿಲ್ಲ. ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಶಕ್ತಿ ಆ ಕಾಲದ ಯುರೋಪಿನ ಜನಕ್ಕಿರಲಿಲ್ಲ. ದನ ಸಾಕಲು ಕಲಿತ ಜನವೂ ಬಹುಕಾಲ ಹಾಲನ್ನು ಮೊಸರು, ಚೀಸ್ ಮಾಡಿಯೇ ತಿನ್ನಬೇಕಾಗಿತ್ತು. ಚೀಸ್ ಮಾಡುವಾಗ ಆ ಸಕ್ಕರೆಯ ಬಹುಪಾಲು ಹಾಲೊಡಕಿನೊಂದಿಗೆ ಹರಿದುಹೋಗುತ್ತದೆ.

ಮತ್ತೆ ಚೀಸಿಗೇ ಬರೋಣ. ಅದರ ಹೆಸರು ಊರು ದಾಟಿದ ಬಗೆಯನ್ನು ಹೇಳಬೇಕು. ಇಲ್ಲಿ ಕಾಣುವ ಮುಖ್ಯ ವ್ಯಕ್ತಿ ಜೋಸೆಫ್ ಹಾರ್ಡಿಂಗ್ (1805–1876). ಅವನೂ ಚೆಡ್ಡಾರಿನವನಲ್ಲ, ಅದೇ ಜಿಲ್ಲೆಯ ಮಾರ್ಕ್ಸ್‌ಬರಿಯ ರೈತ. ಅಲ್ಲಿಯವರೆಗೆ ಚೀಸ್ ಮಾಡುವುದು ಹೆಂಗಸರ ಕೈಗುಣ. ಹಾಲು ಎಷ್ಟು ಬಿಸಿಯಾಗಬೇಕೆಂದು ಮೊಣಕೈ ಅದ್ದಿ ನೋಡುತ್ತಿದ್ದರು. ಹಾರ್ಡಿಂಗ್ ಮತ್ತು ಅವನ ಹೆಂಡತಿ ಉಷ್ಣಮಾಪಕ, ಗಡಿಯಾರ, ಸ್ವಚ್ಛತೆ ಇವುಗಳ ಮೇಲೆ ಕೆಲಸವನ್ನು ನಿಲ್ಲಿಸಿದರು. ಒಳ್ಳೆಯ ಚೀಸ್ ಹುಲ್ಲುಗಾವಲಿನ ಗುಣವಲ್ಲ, ಡೇರಿಯ ಕೆಲಸದ ಗುಣ ಎಂದು ಅವನು ಎಲ್ಲರಿಗೂ ಹೇಳಿದ. ಆ ಮಾತಿನ ಪರಿಣಾಮ ಅವನಿಗೆ ಹೊಳೆದಿತ್ತೋ ಇಲ್ಲವೋ. ಹುಲ್ಲು ಮುಖ್ಯವಲ್ಲವೆಂದ ಮೇಲೆ ಊರೂ ಮುಖ್ಯವಲ್ಲ. ಎಲ್ಲಿ ಬೇಕಾದರೂ ಚೆಡ್ಡಾರ್ ಮಾಡಬಹುದು.

ವಿಧಾನ ಇಷ್ಟು. ಹಾಲನ್ನು ಸುಮಾರು 30 ಡಿಗ್ರಿಗೆ ಬೆಚ್ಚಗೆ ಮಾಡಿ ಹೆಪ್ಪು ಹಾಕುತ್ತಾರೆ. ಬಳಿಕ ಕರುವಿನ ಹೊಟ್ಟೆಯಿಂದ ತೆಗೆದ ರೆನ್ನೆಟ್ ಬೆರೆಸುತ್ತಾರೆ. ಭಾರತದ ಕಾರ್ಖಾನೆಗಳು ಇದಕ್ಕೆ ಬದಲಾಗಿ ಸೂಕ್ಷ್ಮಜೀವಿಗಳಿಂದ ತೆಗೆದದ್ದನ್ನು ಬಳಸುತ್ತವೆ. ಹಾಲು ಗಡ್ಡೆ ಕಟ್ಟುತ್ತದೆ. ಗಡ್ಡೆಯನ್ನು ಸಣ್ಣಗೆ ಕತ್ತರಿಸಿ, ಇನ್ನಷ್ಟು ಬಿಸಿಮಾಡಿ, ಹಾಲೊಡಕನ್ನು ಬಸಿಯುತ್ತಾರೆ. ಇಲ್ಲಿಯವರೆಗೆ ಹಲವು ಚೀಸುಗಳ ದಾರಿ ಒಂದೇ. ಚೆಡ್ಡಾರಿನ ವಿಶೇಷ ಇದರ ಮುಂದೆ. ತಳದಲ್ಲಿ ಒಂದಾಗಿ ಅಂಟಿಕೊಂಡ ಗಡ್ಡೆಯನ್ನು ಇಟ್ಟಿಗೆಯಂಥ ಹೋಳುಗಳಾಗಿ ಕೊಯ್ದು, ಒಂದರ ಮೇಲೊಂದು ಪೇರಿಸಿ, ಮಗುಚಿ, ಮತ್ತೆ ಪೇರಿಸಿ, ಮತ್ತೆ ಮಗುಚುತ್ತಾರೆ. ತನ್ನದೇ ಭಾರಕ್ಕೆ ನೀರು ಬಿಟ್ಟು, ಹುಳಿ ಏರಿ, ಗಡ್ಡೆ ಬೇಯಿಸಿದ ಕೋಳಿಮಾಂಸದಂತೆ ಎಳೆಎಳೆಯಾಗುತ್ತದೆ. ಈ ಕ್ರಿಯೆಗೆ ಇಂಗ್ಲಿಷಿನಲ್ಲಿ ‘ಚೆಡ್ಡರಿಂಗ್’ ಎಂದೇ ಹೆಸರು. ಊರಿನ ಹೆಸರು ಕ್ರಿಯಾಪದವೇ ಆಗಿಹೋಗಿದೆ. ನಂತರ ಪುಡಿ ಮಾಡಿ, ಉಪ್ಪು ಬೆರೆಸಿ, ಬಟ್ಟೆ ಕಟ್ಟಿದ ಅಚ್ಚಿಗೆ ತುಂಬಿ ಒತ್ತಿ, ಮೇಲೆ ಕೊಬ್ಬು ಸವರಿ ತಿಂಗಳುಗಟ್ಟಲೆ ಇಡುತ್ತಾರೆ.

ಹಾರ್ಡಿಂಗ್ ಇದನ್ನು ಗುಟ್ಟಾಗಿಡಲಿಲ್ಲ, ಯಾರಿಂದಲೂ ಶುಲ್ಕ ಕೇಳಲಿಲ್ಲ. ಸ್ಕಾಟ್ಲೆಂಡಿನವರಿಗೆ ಕಲಿಸಿದ. 1866ರಲ್ಲಿ ಅಮೆರಿಕದಿಂದ ಬಂದ ಡೇರಿ ತಜ್ಞ ವಿಲ್ಲಾರ್ಡ್‌ಗೆ ಎಲ್ಲವನ್ನೂ ತೋರಿಸಿದ. ಅವನ ಮಗನೊಬ್ಬ ಈ ವಿದ್ಯೆಯನ್ನು ಆಸ್ಟ್ರೇಲಿಯಾಕ್ಕೆ ಒಯ್ದ. ಅಮೆರಿಕದಲ್ಲಿ ನ್ಯೂಯಾರ್ಕ್ ರಾಜ್ಯದ ಜೆಸ್ಸಿ ವಿಲಿಯಮ್ಸ್ 1851ರಲ್ಲೇ ಅಕ್ಕಪಕ್ಕದ ರೈತರ ಹಾಲನ್ನು ಒಂದೆಡೆ ಸೇರಿಸಿ ಚೀಸ್ ಕಾರ್ಖಾನೆ ತೆರೆದಿದ್ದ. ಡಿಫೋ ಕಂಡ ಸಾಮೂಹಿಕ ಕೋಣೆ ಮಾಲೀಕನೊಬ್ಬನ ಕಾರ್ಖಾನೆಯಾಗಿ ಮರುಹುಟ್ಟು ಪಡೆಯಿತು ಎನ್ನಬಹುದು. 1893ರ ಷಿಕಾಗೊ ಮೇಳಕ್ಕೆ ಕೆನಡಾದವರು 22,000 ಪೌಂಡಿನ ಒಂದೇ ಚೆಡ್ಡಾರನ್ನು ಸಾಗಿಸಿದರು. ಬೇಗನೆ ಕೆನಡಾ, ನ್ಯೂಜಿಲೆಂಡ್‌ಗಳ ಅಗ್ಗದ ಚೆಡ್ಡಾರ್ ಹಡಗಿನಲ್ಲಿ ಬಂದು ಇಂಗ್ಲೆಂಡಿನ ಅಂಗಡಿಗಳನ್ನೇ ತುಂಬಿತು. ಎರಡನೆಯ ಮಹಾಯುದ್ಧದಲ್ಲಿ ಮಿಕ್ಕಿದ್ದೂ ಹೋಯಿತು. ಸರ್ಕಾರ ಇದ್ದ ಹಾಲಿನಲ್ಲಿ ಒಂದೇ ನಮೂನೆಯ ಗಟ್ಟಿ ಚೀಸ್ ಮಾಡಿಸಿ ಪಡಿತರದಲ್ಲಿ ಹಂಚಿತು. ಅದಕ್ಕೆ ‘ಸರ್ಕಾರಿ ಚೆಡ್ಡಾರ್’ ಎಂಬ ಅಡ್ಡಹೆಸರು. ಪಡಿತರ 1954ರಲ್ಲಿ ಮುಗಿಯುವಷ್ಟರಲ್ಲಿ ಮನೆಯಲ್ಲಿ ಚೀಸ್ ಮಾಡುವ ರೈತರ ಸಂಖ್ಯೆ ಕೈಬೆರಳಲ್ಲಿ ಎಣಿಸುವ ಮಟ್ಟಕ್ಕೆ ಹತ್ತಿರ ಬಂದಿತ್ತು.

ಹೆಸರನ್ನು ಮರಳಿ ಪಡೆಯುವ ಯತ್ನ ತಡವಾಗಿ ನಡೆಯಿತು. ಫ್ರಾನ್ಸಿನವರು ಷಾಂಪೇನಿಗೆ, ರಾಕ್‌ಫೋರ್ಟಿಗೆ ಕಾನೂನಿನ ಕೋಟೆ ಕಟ್ಟಿಕೊಂಡಂತೆ ಇಂಗ್ಲಿಷರು ಕಟ್ಟಿಕೊಳ್ಳಲಿಲ್ಲ. ‘ಚೆಡ್ಡಾರ್’ ಎಂಬ ಬರಿಯ ಪದ ಆಗಲೇ ಎಲ್ಲರ ಸ್ವತ್ತಾಗಿತ್ತು. 1996ರಲ್ಲಿ ಯುರೋಪಿನ ಕಾನೂನು ರಕ್ಷಣೆ ಕೊಟ್ಟದ್ದು ‘ವೆಸ್ಟ್ ಕಂಟ್ರಿ ಫಾರ್ಮ್‌ಹೌಸ್ ಚೆಡ್ಡಾರ್’ ಎಂಬ ಉದ್ದನೆಯ ಹೆಸರಿಗೆ. ಸಾಮರ್‌ಸೆಟ್, ಡಾರ್ಸೆಟ್, ಡೆವನ್, ಕಾರ್ನ್‌ವಾಲ್ ಈ ನಾಲ್ಕು ಜಿಲ್ಲೆಗಳ ಹಾಲಿನಿಂದ, ಕೈಯಿಂದಲೇ ಹೋಳು ಮಗುಚಿ, ಕನಿಷ್ಠ ಒಂಬತ್ತು ತಿಂಗಳು ಹಣ್ಣು ಮಾಡಿದ್ದಕ್ಕೆ ಮಾತ್ರ ಅದು ಸಲ್ಲುತ್ತದೆ. ಚೆಡ್ಡಾರ್ ಊರಿಗೇ ಎಂದು ಪ್ರತ್ಯೇಕ ಹಕ್ಕೇನೂ ಇಲ್ಲ. ಆದರೂ ಕೊಟ್ಟಿದ್ದು ತಪ್ಪೆಂದು ಹಾರ್ಡಿಂಗನನ್ನು ದೂರಲು ಮನಸ್ಸು ಬರುವುದಿಲ್ಲ. ಅವನು ಗುಟ್ಟು ಬಿಟ್ಟುಕೊಡದಿದ್ದರೂ ಗೋಮಾಳ ಮರಳಿ ಬರುತ್ತಿರಲಿಲ್ಲ.

ಇಂದು ವರ್ಷಕ್ಕೆ ಸುಮಾರು ಐದು ಲಕ್ಷ ಜನ ಕಮರಿ ನೋಡಲು ಬರುತ್ತಾರೆ. ಕಮರಿಯ ಉತ್ತರದ ಮಗ್ಗುಲು ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯದು, ಗವಿಗಳಿರುವ ದಕ್ಷಿಣದ ಮಗ್ಗುಲು ಲಾಂಗ್‌ಲೀಟ್ ಜಹಗೀರಿನದು. ಊರವರಿಗೆ ಉಳಿದದ್ದು ನಡುವಿನ ರಸ್ತೆಯ ಅಂಗಡಿಗಳು, ಚಹಾದ ಹೋಟೆಲುಗಳು. ಬಂಡೆಗಳ ಮೇಲ್ಗಡೆ ಬೇಸಿಗೆಯಲ್ಲಿ ನಸುಗೆಂಪಿನ ಒಂದು ಪುಟ್ಟ ಹೂ ಅರಳುತ್ತದೆ. ‘ಚೆಡ್ಡಾರ್ ಪಿಂಕ್’ ಎಂದು ಅದರ ಹೆಸರು. ಬ್ರಿಟನ್ನಿನಲ್ಲಿ ಅದು ತಾನಾಗಿ ಬೆಳೆಯುವುದು ಇಲ್ಲಿ ಮಾತ್ರ. ಒಂದು ಕಾಲಕ್ಕೆ ಪ್ರವಾಸಿಗಳಿಗೆ ಬುಡಸಮೇತ ಕಿತ್ತು ಮಾರುತ್ತಿದ್ದರು. ಈಗ ಕೀಳುವುದು ಅಪರಾಧ.

ಊರಿನ ಏಕೈಕ ಚೀಸ್ ಡೇರಿ ಕಮರಿಯ ಬಾಯಲ್ಲಿದೆ. ಹೋಳು ಮಗುಚುವುದನ್ನು ಜನ ಗಾಜಿನಾಚೆಯಿಂದ ನಿಂತು ನೋಡಬಹುದು. ಅಲ್ಲಿ ಮಾಡಿದ ಚೀಸಿನ ಒಂದು ಪಾಲನ್ನು ಗಾಫ್ ಗವಿಗೆ ಒಯ್ದು ಇಡುತ್ತಾರೆ. ಒಳಗೆ ವರ್ಷವಿಡೀ ಹನ್ನೊಂದು ಡಿಗ್ರಿಯ ಆಸುಪಾಸಿನ ತಂಪು, ಒದ್ದೆ ಗಾಳಿ. ಬಟ್ಟೆ ಸುತ್ತಿದ ದುಂಡನೆಯ ಚೀಸುಗಳು ಕಂಬಿಯ ಹಿಂದೆ ಸಾಲಾಗಿ, ಬೂದು ಬೂಷ್ಟು ಹಿಡಿದು ಕುಳಿತಿರುತ್ತವೆ. ಚೆಡ್ಡಾರ್ ಮನುಷ್ಯನ ಮೂಳೆಗಳು ಮಾತ್ರ ಅಲ್ಲಿಲ್ಲ. ಅವು ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿವೆ. ಗವಿಯಲ್ಲಿ ಅವನ ಜಾಗದಲ್ಲಿ ಒಂದು ಪ್ರತಿಕೃತಿಯಿದೆ.